ಸೋಮವಾರ ಮಧ್ಯಾಹ್ನದ ನೈಟ್‌ಕ್ಲಬ್

ನಮ್ಮನೆಯವರು ಹಾಡುಗಾರರು ಎಂದು ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, 'ಯಾರ ವಾಯ್ಸು?' ಆರ್ಕೆಸ್ಟ್ರಾ ಲೋಕದ ಪದ್ಧತಿಯೇ ಅದು. ಅಲ್ಲಿ ಯಾರೂ ತಮ್ಮ ದನಿಯಲ್ಲಿ ಹಾಡುವುದಿಲ್ಲ. ಒಬ್ಬೊಬ್ಬರು ಒಬ್ಬೊಬ್ಬ ದೊಡ್ಡ ಗಾಯಕರ ದನಿ ಹಿಡಿದುಕೊಂಡಿರುತ್ತಾರೆ. ಗಣೇಶನ ಪೆಂಡಾಲಿಗೆ, ರಾಜ್ಯೋತ್ಸವದ ಸ್ಟೇಜಿಗೆ ಕರೆಯುವವರೂ ಹಾಗೆಯೇ ಕರೆಯುವುದು: ಇಂಥವರ ವಾಯ್ಸಿನವನೊಬ್ಬ ಬೇಕು, ಇಂಥವರ ವಾಯ್ಸಿನವಳೊಬ್ಬಳು ಬೇಕು. ಫ್ಲೆಕ್ಸಿನಲ್ಲಿ ಆ ದೊಡ್ಡವರ ಹೆಸರು ದಪ್ಪಕ್ಷರದಲ್ಲಿ, ಅದರ ಕೆಳಗೆ ಇರುವೆ ಸಾಲಿನ ಹಾಗೆ ನಮ್ಮನೆಯವರ ಹೆಸರು. ಮದುವೆಯಾದ ಹೊಸದರಲ್ಲಿ ನನಗೆ ಅದೇ ಹೆಮ್ಮೆ. ಬರಬರುತ್ತಾ ಆ ಫ್ಲೆಕ್ಸ್ ಕಂಡರೆ ಮೈ ಉರಿಯುತ್ತಿತ್ತು. ಅವರೇ ಸಹಿಸಿಕೊಂಡಿರುವಾಗ ನಿನಗೇನು ಕಷ್ಟ ಎಂದು ನನ್ನ ತಂಗಿ ಕೇಳುತ್ತಾಳೆ. ಅವಳ ಗಂಡ ಹಾಡುವುದಿಲ್ಲ, ಅವಳಿಗೇನು ಗೊತ್ತು.

ವಾರದ ದಿನಗಳಲ್ಲಿ ನಮ್ಮನೆಯವರು ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಸೂಪರ್‌ವೈಸರ್. ನಾನು ಅಲ್ಲೇ ಎರಡು ರಸ್ತೆ ಆಚೆ ಗಾರ್ಮೆಂಟ್ಸಿನಲ್ಲಿ. ಮನೆ ಲಗ್ಗೆರೆಯಲ್ಲಿ, ಓನರ್ ಮನೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಹಾಡಿಗೆ ಅವರನ್ನು ಎಳೆದುಕೊಂಡು ಬಂದವರು ಮೇಷ್ಟ್ರು. ಮೇಷ್ಟ್ರು ಎಂದರೆ ಶಾಲೆಯವರಲ್ಲ, ನಮ್ಮ ಆರ್ಕೆಸ್ಟ್ರಾ ತಂಡದ ಯಜಮಾನರು, ಢೋಲಕ್ ನುಡಿಸುತ್ತಿದ್ದವರು. ಮಷಿನ್ ಶಾಪಿನ ಆಯುಧಪೂಜೆಯಲ್ಲಿ ನಮ್ಮನೆಯವರ ಹಾಡು ಕೇಳಿ, ಮಾರನೆಯ ದಿನವೇ ಮನೆಗೆ ಬಂದು ಕೂತರಂತೆ. ಉಸಿರು ಎಲ್ಲಿ ತೆಗೆಯಬೇಕು, ಮೈಕು ಬಾಯಿಂದ ಎಷ್ಟು ದೂರ ಇರಬೇಕು, ಜನಕ್ಕೆ ಬೇಜಾರಾದರೆ ಹೇಗೆ ಎಬ್ಬಿಸಬೇಕು, ಎಲ್ಲ ಹೇಳಿಕೊಟ್ಟವರು ಅವರೇ. ಅಪ್ಪನಿಲ್ಲದ ನಮ್ಮನೆಯವರಿಗೆ ಅಪ್ಪನ ಜಾಗದಲ್ಲಿ ನಿಂತವರು. ಆದರೆ ಒಂದು ವಿಷಯದಲ್ಲಿ ಮಾತ್ರ ಕಲ್ಲು.

ನಮ್ಮನೆಯವರು ತಮ್ಮದೇ ಪ್ರೇಮದ ಹಾಡುಗಳನ್ನು ಕಟ್ಟಿಕೊಂಡಿದ್ದರು. ಎಲ್ಲ ನಿಧಾನದ ಹಾಡುಗಳು, ಕುಣಿಯುವುದಕ್ಕೆ ಬಾರದಂಥವು. ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ, ಹುರುಳಿಕಾಯಿ ನಾರು ಬಿಡಿಸುವಾಗ ತಮ್ಮ ಪಾಡಿಗೆ ಹಾಡಿಕೊಳ್ಳುತ್ತಿದ್ದರು. ಒಮ್ಮೆ ಧೈರ್ಯ ಮಾಡಿ ಮೇಷ್ಟ್ರ ಮುಂದೆ ಒಂದು ಹಾಡಿನ ಎರಡು ಸಾಲು ಹಾಡಿದ್ದರು. ನಾನು ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ.

"ಚೆನ್ನಾಗೈತೆ ಮಗಾ. ಬಚ್ಚಲುಮನೇಲಿ ಇಟ್ಕೋ. ಸ್ಟೇಜ್ ಮೇಲೆ ಬೇಡ," ಎಂದರು ಮೇಷ್ಟ್ರು. "ಜನ ಬರೋದು ಆ ದೊಡ್ಡೋರನ್ನ ಕೇಳೋಕೆ. ನಿನ್ನ ಸ್ವಂತ ವಾಯ್ಸು ಯಾರಿಗೆ ಬೇಕು ಹೇಳು?"

ನಮ್ಮನೆಯವರು ತಲೆಯಾಡಿಸಿ ನಕ್ಕರು. ನಾನು ಆ ದಿನ ಮೇಷ್ಟ್ರಿಗೆ ಸಕ್ಕರೆ ಕಡಿಮೆ ಹಾಕಿದ ಕಾಫಿಯನ್ನೇ ಕೊಟ್ಟೆ. ಇನ್ನೇನು ಮಾಡಲು ನನಗೆ ಸಾಧ್ಯವಿತ್ತು.

ಇದಾಗಿ ಎಷ್ಟೋ ಕಾಲದ ಮೇಲೆ ವೈಟ್‌ಫೀಲ್ಡಿನ ಒಂದು ಕ್ಲಬ್ಬಿನಲ್ಲಿ ಅವರಿಗೆ ವಾರಾಂತ್ಯಕ್ಕೆ ಹಾಡುವ ಅವಕಾಶ ಸಿಕ್ಕಿತು. ಮೆಟ್ರೋ ಹತ್ತಿಳಿದು, ಬಸ್ಸು ಹಿಡಿದು, ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕು. ಅಲ್ಲೂ ಬೇಕಾದದ್ದು ಆ ದೊಡ್ಡವರ ದನಿಯೇ. ಆದರೆ ಅಲ್ಲಿ ನಮ್ಮನೆಯವರಿಗೆ ಬರೀ ಹಾಡಿದರೆ ಸಾಲದು ಎಂದು ಗೊತ್ತಾಯಿತು. ಮೈಕನ್ನು ಈ ಕೈಯಿಂದ ಆ ಕೈಗೆ ಹಾರಿಸುವುದು, ಟೇಬಲ್ಲುಗಳ ನಡುವೆ ಓಡಾಡುತ್ತಾ ಹಾಡುವುದು, ವಾರ್ಷಿಕೋತ್ಸವಕ್ಕೆ ಬಂದ ಜೋಡಿಯ ಮುಂದೆ ಮಂಡಿಯೂರುವುದು, ಯಾರಾದರೂ ಹೆಂಗಸಿಗೆ ಗುಲಾಬಿ ಕೊಡುವುದು. ಬೆವರು ಒರೆಸಿದ ರೇಷ್ಮೆ ಕರ್ಚೀಫನ್ನು ಜನರ ಕಡೆ ಎಸೆಯುವ ಹಾಗೆ ಮಾಡಿ ಮತ್ತೆ ಜೇಬಿಗೆ ಇಟ್ಟುಕೊಳ್ಳುತ್ತಾರೆ. ಎಸೆದು ಬಂದರೆ ಮನೆಯಲ್ಲಿ ನಾನಿದ್ದೇನಲ್ಲ.

ನಾನು ಬಾಯಿಗೆ ಬಂದದ್ದು ಹೇಳುವವಳು, ಆದರೆ ಸುಳ್ಳು ಹೇಳುವುದಿಲ್ಲ. ಆ ಷೋ ನೋಡಲು ಚೆಂದವಿತ್ತು. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸಲು ನನ್ನನ್ನು ಕೂಗುವ ಮನುಷ್ಯ ಅಲ್ಲಿ ರಾಜನ ಹಾಗೆ ನಡೆಯುತ್ತಿದ್ದರು.

ಆ ಕ್ಲಬ್ಬಿಗೆ ಗಿರಾಕಿಯಾಗಿ ಬರುತ್ತಿದ್ದ ಒಬ್ಬ ಸಾಫ್ಟ್‌ವೇರಿನವನು, ಒಂದು ಸಂಜೆ ಜನ ಸೇರುವ ಮುಂಚೆ ಮೈಕ್ ಟೆಸ್ಟ್ ಮಾಡುತ್ತಾ ನಮ್ಮನೆಯವರು ತಮ್ಮದೊಂದು ಹಾಡು ಗುನುಗಿದ್ದನ್ನು ಕೇಳಿಸಿಕೊಂಡ. ತನ್ನ ಅಪಾರ್ಟ್‌ಮೆಂಟಿನ ಒಂದು ರೂಮನ್ನೇ ಸ್ಟುಡಿಯೋ ಮಾಡಿಕೊಂಡ ಹುಚ್ಚ ಅವನು. ಬನ್ನಿ ಸಾರ್, ರೆಕಾರ್ಡ್ ಮಾಡೋಣ ಎಂದ. ನಮ್ಮನೆಯವರು ಸ್ಟುಡಿಯೋ ಬೇಡ ಎಂದುಬಿಟ್ಟರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ ಎಂದು ನಾನು ಬೈದೆ.

"ಹಂಗಲ್ಲ ಕಣೆ," ಎಂದರು. "ರೂಮಲ್ಲಿ ಹಾಡೋದು ಬೇರೆ. ಅದು ಮತ್ತೆ ಬಚ್ಚಲುಮನೆನೇ ಆಯ್ತಲ್ಲ. ಎದುರಿಗೆ ಜನ ಇರಬೇಕು. ಅದೇ ಕ್ಲಬ್ಬು, ಅದೇ ಲೈಟು, ಆದ್ರೆ ನನ್ನ ಹಾಡು, ನನ್ನ ಗಂಟಲು. ಲೈವ್ ಆಲ್ಬಂ. ಸಾಯೋದ್ರೊಳಗೆ ಒಂದ್ಸಲ, ಜನರ ಮುಂದೆ ನನ್ನ ದನೀಲಿ ಹಾಡಿ, ಅದು ಉಳ್ಕೊಂಡ್ಬಿಡಬೇಕು. ಅಷ್ಟೇ ನಂಗೆ ಆಸೆ."

ಅವರು ಅಷ್ಟುದ್ದ ಮಾತಾಡಿದ್ದು ನಾನು ಕೇಳಿದ್ದೇ ಕಡಿಮೆ.

ಕ್ಲಬ್ಬಿನ ಓನರ್ ಒಳ್ಳೆಯ ಮನುಷ್ಯ. ಸೋಮವಾರ ಕ್ಲಬ್ಬಿಗೆ ರಜೆ. ಮಧ್ಯಾಹ್ನ ಬಂದು ಹಾಡಿಕೊಂಡು ಹೋಗಿ ಎಂದ. ಆದರೆ ಸೋಮವಾರ ಮಧ್ಯಾಹ್ನ ಯಾವ ಸಾಫ್ಟ್‌ವೇರಿನವರು ಹಾಡು ಕೇಳಲು ಬರುತ್ತಾರೆ? ನಮ್ಮನೆಯವರಿಗೆ ಅದರ ಚಿಂತೆಯೇ ಇರಲಿಲ್ಲ. "ಗೊತ್ತಿಲ್ದೋರ ಮುಂದೆ ಬೇಕಾದಷ್ಟು ಹಾಡಿದ್ದೀನಿ. ಇದನ್ನ ನಮ್ಮೋರ ಮುಂದೆ ಹಾಡ್ತೀನಿ," ಎಂದು ಆರ್ಕೆಸ್ಟ್ರಾ ತಂಡದವರನ್ನೂ ಅವರ ಹೆಂಡಂದಿರನ್ನೂ ಮಷಿನ್ ಶಾಪಿನ ಜೊತೆಗಾರರನ್ನೂ, ಒಂದು ದಿನ ರಜೆ ಹಾಕಿ ಬನ್ನಿ ಎಂದು ಮನೆಮನೆಗೆ ಹೋಗಿ ಕರೆದು ಬಂದರು. ಮೇಷ್ಟ್ರ ಕಾಲಿಗೆ ಬಿದ್ದು ಕರೆದರು. ಅಲ್ಲೇ ಆದದ್ದು ಎಡವಟ್ಟು. ಆಗ ನನಗೂ ಹೊಳೆಯಲಿಲ್ಲ.

ನಾನು ಮೆರೂನ್ ವೆಲ್ವೆಟ್ಟಿನಲ್ಲಿ ಕೋಟು ಹೊಲಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬೈಯುತ್ತಲೇ ಕಾಲರಿಗೆ ಕಪ್ಪು ಸ್ಯಾಟಿನ್ ಕೂಡಿಸಿದೆ. ನಮ್ಮನೆಯವರು ಬೀರುವಿನ ಕನ್ನಡಿ ಮುಂದೆ ನಿಂತು, ಎಲ್ಲಿ ನಕ್ಕು ನಿಲ್ಲಿಸಬೇಕು, ಚಪ್ಪಾಳೆ ಮುಗಿಯುವವರೆಗೆ ಎಷ್ಟು ಹೊತ್ತು ತಲೆ ಬಾಗಿಸಿರಬೇಕು ಎಂದು ಅಭ್ಯಾಸ ಮಾಡಿದರು. ಪ್ರತಿ ಹಾಡಿನ ನಡುವೆ ಹೇಳಲು ಒಂದೊಂದು ತಮಾಷೆ ಮಾತು ಗಟ್ಟಿ ಮಾಡಿಕೊಂಡರು.

ಸೋಮವಾರ ಲಗ್ಗೆರೆಯಿಂದ ಟೆಂಪೋ ಟ್ರಾವೆಲರ್ ಹೊರಟಿತು. ಹೆಂಗಸರೆಲ್ಲ ರೇಷ್ಮೆ ಸೀರೆ, ಮೊಳಗಟ್ಟಲೆ ಮಲ್ಲಿಗೆ. ಗಂಡಸರು ಮದುವೆಗೆ ಹೊರಟವರಂತೆ. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಚಿತ್ರಾನ್ನ ಖಾಲಿಯಾಯಿತು. ಕ್ಲಬ್ಬಿನ ಒಳಗೆ ಹೋದರೆ ಫಿನಾಯಿಲ್ ವಾಸನೆ. ಹೊರಗೆ ಸುಡುವ ಬಿಸಿಲು, ಒಳಗೆ ದಪ್ಪ ಪರದೆ ಎಳೆದು, ಟೇಬಲ್ಲಿಗೊಂದು ಬ್ಯಾಟರಿ ದೀಪ ಇಟ್ಟು ರಾತ್ರಿ ಮಾಡಿದ್ದರು. ಜನರ ಸದ್ದು ಹಿಡಿಯಲೆಂದೇ ಟೇಬಲ್ಲುಗಳ ಮೇಲೆ ಸಣ್ಣ ಸಣ್ಣ ಮೈಕುಗಳು. ಏಸಿಯ ಚಳಿಗೆ ನಮ್ಮವರೆಲ್ಲ ಸೆರಗು ಹೊದ್ದು, ಕೈಕಟ್ಟಿ, ಗರ ಬಡಿದವರಂತೆ ಕೂತರು. ಮುಂದಿನ ಟೇಬಲ್ಲಿನಲ್ಲಿ ಮೇಷ್ಟ್ರು ಮತ್ತು ಅವರ ಹೆಂಡತಿ. ನಾನು ಹಿಂದಿನ ಸಾಲಿನಲ್ಲಿ. ಸ್ಟೇಜಿನ ಮೇಲೆ ನುಡಿಸಲು ನಮ್ಮ ತಂಡದ ಕೀಬೋರ್ಡಿನವರು, ತಾಳಕ್ಕೆ ರಿದಮ್ ಪ್ಯಾಡಿನವರು.

ರೆಕಾರ್ಡಿಂಗಿನವನು, ಅದೇ ಸಾಫ್ಟ್‌ವೇರಿನ ಹುಚ್ಚ, ಮೈಕಿನಲ್ಲಿ ವಿನಯವಾಗಿ ಹೇಳಿದ: "ಎಲ್ಲರೂ ಫೋನ್ ಆಫ್ ಮಾಡಿ ಪ್ಲೀಸ್. ಕುರ್ಚಿ ಎಳೀಬೇಡಿ. ಮೈಕ್ ತುಂಬಾ ಸೂಕ್ಷ್ಮ, ಬಳೆ ಸದ್ದೂ ಬಂದ್ಬಿಡುತ್ತೆ."

ಅಷ್ಟು ಸಾಕಾಯಿತು. ಹೆಂಗಸರೆಲ್ಲ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಬಿಗಿ ಮಾಡಿಕೊಂಡರು. ಒಬ್ಬಾಕೆ ಕೈಯನ್ನೇ ಸೆರಗಿನಲ್ಲಿ ಸುತ್ತಿಟ್ಟುಕೊಂಡಳು.

ಮೊದಲ ಹಾಡು ಮುಗಿಯಿತು. ನಮ್ಮನೆಯವರು ಅಭ್ಯಾಸ ಮಾಡಿದ ಹಾಗೆ ತಲೆ ಬಾಗಿಸಿದರು. ಬಾಗಿಸಿಯೇ ಇದ್ದರು. ಒಂದು ಚಪ್ಪಾಳೆ ಇಲ್ಲ. ಏಸಿ ಗುಂಯ್ ಎನ್ನುತ್ತಿತ್ತು. ತಲೆ ಎತ್ತಿ ತಮಾಷೆ ಮಾತು ಹೇಳಿ, ನಗುವಿಗೆ ಎಂದು ನಿಲ್ಲಿಸಿದರು. ಎಲ್ಲರೂ ಸತ್ಯನಾರಾಯಣ ಪೂಜೆಯ ಕಥೆ ಕೇಳುವವರ ಹಾಗೆ ಗಂಭೀರವಾಗಿ ನೋಡುತ್ತಿದ್ದರು.

ಎರಡನೆಯ ಹಾಡಿಗೆ ಟೇಬಲ್ಲುಗಳ ನಡುವೆ ಇಳಿದು ಬಂದರು. ಮಂಡಿಯೂರಿ ಮೇಷ್ಟ್ರ ಹೆಂಡತಿಗೆ ಗುಲಾಬಿ ಕೊಟ್ಟರು. ವೈಟ್‌ಫೀಲ್ಡಿನ ಹೆಂಗಸರಾಗಿದ್ದರೆ ಕಿಲಕಿಲ ನಗುತ್ತಿದ್ದರು. ಆ ತಾಯಿ ಅದನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಮುಡಿಗೆ ಸಿಕ್ಕಿಸಿಕೊಂಡರು. ಆ ಹಾಡಿಗೂ ಚಪ್ಪಾಳೆ ಇಲ್ಲ.

ಪಕ್ಕದಲ್ಲಿ ಮಷಿನ್ ಶಾಪಿನ ಆಪರೇಟರ್ ಒಬ್ಬರು ಕೂತಿದ್ದರು, ಬಿಜಾಪುರದ ಕಡೆಯವರು. ಯಾಕಣ್ಣ, ಒಂದು ಚಪ್ಪಾಳೆ ಹೊಡೆಯಬಾರದಾ ಎಂದು ಪಿಸುಗುಟ್ಟಿದೆ.

"ಸುಮ್ನ ಕೂಡ್ರಿ ಅಂತ ಅವ್ರ ಹೇಳ್ಯಾರಲ್ರೀ ಅಕ್ಕಾರ. ರೆಕಾರ್ಡ್ ಕೆಡತೈತಿ," ಎಂದರು.

ಇನ್ನೊಂದು ಕಡೆ ಕೀಬೋರ್ಡಿನವರ ಹೆಂಡತಿ. ಅವಳು ನನ್ನ ತೊಡೆ ಚಿವುಟಿ, "ನಮ್ಮೋರಿಗೆ ನಾವೇ ಚಪ್ಪಾಳೆ ಹೊಡ್ಕೊಂಡ್ರೆ ದೃಷ್ಟಿ ಆಗುತ್ತೆ ಕಣೇ," ಎಂದಳು. ಅವಳು ಹೇಳಿದ್ದರಲ್ಲೂ ತಪ್ಪಿಲ್ಲ. ಕಲಾವಿದರ ಮನೆಯವರು ಸ್ಟೇಜಿನ ಹಿಂದೆ ನೀರಿನ ಬಾಟಲಿ ಹಿಡಿದು ನಿಲ್ಲುವವರು. ಕಲಾವಿದರಂತೂ ಕಲಾವಿದರಿಗೆ ಚಪ್ಪಾಳೆ ಹೊಡೆಯುವುದೇ ಇಲ್ಲ. ಬಹಳವೆಂದರೆ ಒಂದು ಸಲ ತಲೆ ಆಡಿಸುತ್ತಾರೆ. ಜೀವನವಿಡೀ ಚಪ್ಪಾಳೆ ಬರುವ ಕಡೆ ನಿಂತಿದ್ದವರನ್ನೇ ಹುಡುಕಿ ಹುಡುಕಿ ಕರೆದುತಂದು ಈ ಮಹಾರಾಯರು ಪ್ರೇಕ್ಷಕರ ಜಾಗದಲ್ಲಿ ಕೂರಿಸಿದ್ದರು. ಅಷ್ಟೆಲ್ಲ ಯೋಚಿಸುತ್ತಿದ್ದ ನನ್ನ ಕೈಗಳೂ ಮಡಿಲಿನಲ್ಲೇ ಇದ್ದವು.

ಮೂರನೆಯದು ಬಸ್ ಸ್ಟಾಪಿನ ಹಾಡು. ಮದುವೆಗೆ ಮುಂಚೆ ಗಾರ್ಮೆಂಟ್ಸಿನ ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ರಸ್ತೆಯ ಆ ಕಡೆಯಿಂದ ನೋಡುತ್ತಾ ನಿಲ್ಲುತ್ತಿದ್ದರಲ್ಲ, ಅದರ ಮೇಲೆ ಕಟ್ಟಿದ್ದು. 'ಬಸ್ಸು ಬಂತು, ನೀನು ಹತ್ತಿದೆ, ನನ್ನ ಬೆಳಗು ಅಲ್ಲಿಗೆ ಮುಗಿಯಿತು' ಎಂದು ಬರುತ್ತದೆ. ಮೊದಲ ಚರಣ ಅವರದೇ ದನಿಯಲ್ಲಿ ಬಂತು. ಆಮೇಲೆ ಅವರ ಕಣ್ಣು ಟೇಬಲ್ಲಿನಿಂದ ಟೇಬಲ್ಲಿಗೆ ಅಲೆಯತೊಡಗಿತು. ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಬಗ್ಗಿ ಮೇಜಿನ ದೀಪ ನೋಡುತ್ತಿದ್ದರು. ನಮ್ಮನೆಯವರಿಗೆ ಹೆದರಿಕೆಯಾಯಿತು. ನನಗೆ ಹಿಂದಿನ ಸಾಲಿನಿಂದಲೇ ಗೊತ್ತಾಯಿತು.

ಎರಡನೆಯ ಚರಣಕ್ಕೆ ಬಾಯಿ ತೆರೆದರೆ ಬಂದದ್ದು ಆ ದೊಡ್ಡವರ ದನಿ. ಅದೇ ಮೂಗಿನ ಗುಂಗು, ಅದೇ ಎದೆಯ ಮೇಲೆ ಕೈ. ಬೇಕೆಂದು ಮಾಡಿದ್ದಲ್ಲ. ಜನ ಮಲಗಿದರೆ ಎಬ್ಬಿಸುವುದಕ್ಕೆ ಮೇಷ್ಟ್ರು ಕಲಿಸಿದ ಮದ್ದು, ತಾನಾಗಿ ಬಂದುಬಿಟ್ಟಿತು. ಅಷ್ಟೇ, ಹಾಲ್ ಎದ್ದು ಕೂತಿತು. ಬಿಜಾಪುರದವರು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದರು. ರೆಕಾರ್ಡು, ಬಳೆ, ದೃಷ್ಟಿ ಎಲ್ಲ ಮರೆತು ಚಪ್ಪಾಳೆಯೋ ಚಪ್ಪಾಳೆ. ಆ ದನಿ ಕೇಳಿದರೆ ನಮ್ಮ ಜನಕ್ಕೆ ಕೈ ತಾನಾಗಿ ಏಳುತ್ತದೆ. ನಮ್ಮನೆಯವರ ಮುಖ ಅರಳಿತು. ಕೋಟಿನ ಗುಂಡಿ ಬಿಚ್ಚಿ ಮೈಕ್ ಹಾರಿಸಿದರು.

ನನಗೆ ಪಿತ್ತ ನೆತ್ತಿಗೇರಿತು. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

"ರೀ, ನಿಲ್ಲಿಸ್ರೀ. ಆ ಹಾಡು ನಂದು. ಬಸ್ ಸ್ಟಾಪಲ್ಲಿ ನನ್ನ ನೋಡ್ತಿದ್ದೋರು ನೀವು, ಅವರಲ್ಲ. ನಿಮ್ಮ ಗಂಟಲಲ್ಲಿ ಹಾಡಿ. ಇಲ್ಲಾಂದ್ರೆ ಬನ್ನಿ, ಮನೆಗೆ ಹೋಗೋಣ."

ಆ ಮಾತು ಈಗಲೂ ಆಲ್ಬಂನಲ್ಲಿ ಹಾಗೆಯೇ ಇದೆ. ಗಾರ್ಮೆಂಟ್ಸಿನ ಹುಡುಗಿಯರು ಊಟದ ಹೊತ್ತಿನಲ್ಲಿ ಫೋನಿನಲ್ಲಿ ಹಾಕಿಕೊಂಡು ನಗುತ್ತಾರೆ. ಆವತ್ತು ಯಾರೂ ನಗಲಿಲ್ಲ. ಕೀಬೋರ್ಡು ನಿಂತಿತು. ರೆಕಾರ್ಡಿಂಗಿನವನು ತಲೆ ಮೇಲೆ ಕೈ ಹೊತ್ತುಕೊಂಡ. ನಾನು ನಿಂತೇ ಇದ್ದೆ. ತುಂಬಿದ ಸಭೆಯಲ್ಲಿ ಗಂಡನ ಮರ್ಯಾದೆ ತೆಗೆದುಬಿಟ್ಟೆನಲ್ಲ ಎಂದು ಆಗ ಹೊಳೆಯಿತು.

ನಮ್ಮನೆಯವರು ನನ್ನನ್ನೇ ನೋಡಿದರು. ಆಮೇಲೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೈ ಇಳಿಬಿಟ್ಟು ನಿಂತು, ಕೀಬೋರ್ಡಿನವರಿಗೆ ಮೊದಲಿಂದ ಎಂದು ಸನ್ನೆ ಮಾಡಿದರು.

ಆ ಸಲ ಅವರು ಎಲ್ಲಿಗೂ ನಡೆಯಲಿಲ್ಲ, ಯಾರಿಗೂ ನಗಲಿಲ್ಲ. ಶಿಫ್ಟ್ ಮುಗಿಸಿ ಬಂದು ಕಾಫಿ ಕೇಳುವಾಗ ಒಂದು ದನಿ ಇರುತ್ತದೆ ಅವರಿಗೆ, ಸ್ವಲ್ಪ ಒಡಕು, ಸ್ವಲ್ಪ ಸುಸ್ತು. ಅದೇ ದನಿ. ಮೇಲಿನ ಸ್ವರದಲ್ಲಿ ಒಂದು ಕಡೆ ತೆಳುವಾಯಿತು, ಅವರು ಅದನ್ನು ಮುಚ್ಚಿಕೊಳ್ಳಲು ಹೋಗಲಿಲ್ಲ. ನನಗೆ ಅಳು ಬಂತು. ಹಾಡು ಮುಗಿಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ನಾನೂ ಹೊಡೆಯಲಿಲ್ಲ. ಅವರು "ಅಷ್ಟೇ" ಎಂದು ಹೇಳಿ ಹಿಂದಕ್ಕೆ ತಿರುಗಿ ಹೋಗಿಬಿಟ್ಟರು. ಇನ್ನೂ ಎರಡು ಹಾಡು ಬಾಕಿ ಇದ್ದವು, ಅವನ್ನು ಹಾಡಲೇ ಇಲ್ಲ.

ವಾಪಸ್ ಬರುವಾಗ ಟೆಂಪೋದಲ್ಲಿ ಯಾರೂ ಹಾಡಿನ ಮಾತೆತ್ತಲಿಲ್ಲ. ಏಸಿ ಜಾಸ್ತಿಯಾಯಿತು, ಟ್ರಾಫಿಕ್ ಜಾಸ್ತಿಯಾಯಿತು ಎಂಬುದೇ ಮಾತು. ಮೇಷ್ಟ್ರು ಇಳಿಯುವಾಗ, "ರಿದಮ್ ಪ್ಯಾಡ್ ಒಸಿ ಜೋರಾಯ್ತು ಮಗಾ," ಎಂದಷ್ಟೇ ಹೇಳಿ ಕೋಲೂರಿಕೊಂಡು ಹೋದರು. ಮನೆಗೆ ಬಂದು ನಮ್ಮನೆಯವರು ಊಟದ ತಟ್ಟೆ ಮುಂದೆ ಕೂತು, "ಮೇಷ್ಟ್ರು ಆವತ್ತು ಹೇಳಿದ್ದೇ ನಿಜ ಕಣೆ. ನನ್ನ ವಾಯ್ಸು ಯಾರಿಗೂ ಬೇಡ," ಎಂದರು. ನಾನು ಸಾರು ಬಡಿಸಿದೆ.

ಮುಂದಿನ ಭಾನುವಾರ ಬೆಳಿಗ್ಗೆ ರೆಕಾರ್ಡಿಂಗಿನವನು ಕರೆದ. ಅವನ ಅಪಾರ್ಟ್‌ಮೆಂಟಿಗೆ ಇಬ್ಬರೂ ಹೋದೆವು. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಸಣ್ಣ ರೂಮು. ಅವನಿಗೆ ಖುಷಿಯೋ ಖುಷಿ.

"ಸಾರ್, ಆ ಶಿಳ್ಳೆ ಇದೆಯಲ್ಲ, ಸಕ್ಕತ್ತಾಗಿ ಬಂದಿದೆ. ಅದನ್ನ ಕತ್ತರಿಸಿ ಎಲ್ಲಾ ಹಾಡಿನ ಕೊನೇಗೂ ಹಾಕ್ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ. ಎಲ್ಲರೂ ಹಾಗೇ ಮಾಡೋದು."

"ಹಾಕಪ್ಪ," ಎಂದರು ನಮ್ಮನೆಯವರು. ಸೋತವರ ದನಿ ಅದು. ನನ್ನ ಕಡೆ ನೋಡಲಿಲ್ಲ.

ಅವನು ಕೊನೆಯ ಹಾಡಿನ ಬಾಲ ತೆಗೆದು, "ಮೊದಲು ಇದನ್ನ ಕ್ಲೀನ್ ಮಾಡ್ಬೇಕು. ಮುಂದಿನ ಟೇಬಲ್ ಮೈಕಲ್ಲಿ ಯಾರೋ ಮಾತಾಡಿದ್ದಾರೆ," ಎಂದು ಸದ್ದು ಪೂರ್ತಿ ಏರಿಸಿದ. ಏಸಿಯ ಗುಂಯ್ ಸದ್ದು. ನಮ್ಮನೆಯವರ 'ಅಷ್ಟೇ.' ದೂರ ಹೋಗುವ ಚಪ್ಪಲಿ ಸದ್ದು. ಯಾರೋ ಸೊರ್ ಎಂದು ಮೂಗು ಎಳೆದುಕೊಂಡರು. ಆಮೇಲೆ, ಎದೆಯೊಳಗೇ ಹೇಳಿಕೊಂಡ ಹಾಗೆ, ಮೇಷ್ಟ್ರ ದನಿ:

"ಇನ್ನೊಂದ್ಸಲ ಹಾಡೋ ಮಗಾ."

ಒನ್ಸ್ ಮೋರ್ ಎಂದು ಜನ ಕೂಗುತ್ತಾರೆ, ಅದು ಅವರ ಹಕ್ಕು. ಆದರೆ ಕಲಾವಿದರೊಬ್ಬರು ಇನ್ನೊಬ್ಬ ಕಲಾವಿದರನ್ನು ಹಾಗೆ ಕೇಳಿದ್ದನ್ನು ನಾನು ಆ ಲೋಕದಲ್ಲಿ ಎಂದೂ ನೋಡಿರಲಿಲ್ಲ. ಮೇಷ್ಟ್ರಂತೂ ಎಷ್ಟೆಷ್ಟು ದೊಡ್ಡವರಿಗೋ ಢೋಲಕ್ ನುಡಿಸಿದವರು, ಯಾರನ್ನೂ ಕೇಳಿದವರಲ್ಲ. ನಮ್ಮನೆಯವರು ಬೆನ್ನು ತಿರುಗಿಸಿ ಹೋಗಿಬಿಟ್ಟಿದ್ದರು. ಆ ಮಾತು ಅವರಿಗೆ ಕೇಳಿಸಿಯೇ ಇರಲಿಲ್ಲ.

"ಮತ್ತೆ ಹಾಕು," ಎಂದರು. ಅವನು ಮತ್ತೆ ಹಾಕಿದ. ಮತ್ತೆ ಎಂದರು. ಆಮೇಲೆ ಅವನು, "ಸಾರ್, ಇದನ್ನ ತೆಗೆದು ಶಿಳ್ಳೆ ಹಾಕ್ಲಾ?" ಎಂದು ಕೇಳಿದ.

"ಮುಟ್ಬೇಡ ಕಣಪ್ಪ. ಶಿಳ್ಳೆ ಬಿದ್ದಿದ್ದು ಆ ದೊಡ್ಡೋರ ವಾಯ್ಸಿಗೆ. ಇದು ನಂಗೆ ಬಂದಿರೋದು."

ಹಾಗೆ ಹೇಳಿ ಜೇಬಿನಿಂದ ಫೋನ್ ತೆಗೆದರು. ನಂಬರು ನಾನೇ ಒತ್ತಿಕೊಟ್ಟೆ. ಆ ಕಡೆಯಿಂದ ಮೇಷ್ಟ್ರು, "ಏನ್ ಮಗಾ, ಇಷ್ಟೊತ್ನಾಗೆ?" ಎಂದರು. ನಮ್ಮನೆಯವರು ಫೋನನ್ನು ಬಾಯಿಯ ಹತ್ತಿರ ಹಿಡಿದು, ಆ ಸ್ಪಂಜಿನ ರೂಮಿನಲ್ಲಿ ನಿಂತು, ಬಸ್ ಸ್ಟಾಪಿನ ಹಾಡನ್ನು ತಮ್ಮ ದನಿಯಲ್ಲಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹಾಡಿದರು. ಮೇಷ್ಟ್ರು ಫೋನ್ ಇಡಲಿಲ್ಲ.